ಹಂದಿ ತೂಗಿದ ಬದುಕು

ನಾನು ಹಂದಿ ತೂಗುವ ಯಂತ್ರ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಜೊತೆಯವರೆಲ್ಲ ಹತ್ತಿ ಮಂಡಿಗೋ ಬೆಲ್ಲದ ಅಂಗಡಿಗೋ ಹೋದರು. ನನ್ನ ಹಲಗೆಯ ಸುತ್ತ ಮಾತ್ರ ಕಬ್ಬಿಣದ ಪಂಜರ ಬೆಸೆದು, ಪಶುವೈದ್ಯ ಕಾಲೇಜೊಂದರ ಹಂದಿ ಕೊಟ್ಟಿಗೆಗೆ ಕಳಿಸಿದರು.

ಎರಡು ವರ್ಷ ಮೂಲೆಯಲ್ಲಿ ಧೂಳು ತಿಂದೆ. ಆ ಕಡೆ ಬಂದವರು ಮೂಗು ಮುಚ್ಚಿಕೊಂಡೇ ಬಂದು ಹೋಗುತ್ತಿದ್ದರು. ಮೂಗು ಮುಚ್ಚದೆ ಬಂದ ಮೊದಲನೆಯವಳು ಹುಲಿಗೆಮ್ಮ. ಪಶು ಆಹಾರದಲ್ಲಿ ಪಿಎಚ್.ಡಿ. ಮಾಡಲು ಸೇರಿದ್ದಳು. ಅವಳ ಅಪ್ಪ ಕೊಪ್ಪಳದ ಕಡೆ ಹಂದಿ ಸಾಕಿಯೇ ಮಗಳನ್ನು ಓದಿಸಿದ್ದ.

"ಆಕಳ ಮ್ಯಾಲ ಮಾಡವಾ. ಹಂದಿ ಹಿಡಕೊಂಡು ಕುಂತ್ರ ನಿನ್ನ ಯಾರ್ ಕೇಳ್ತಾರ?" ಎಂದರು ವಿಭಾಗದ ಮುಖ್ಯಸ್ಥರಾದ ಇನಾಮದಾರ ಸರ್.

"ಹಂದಿ ಸಾಕೋರು ಕೇಳ್ತಾರ್ರಿ ಸರ. ಏನ್ ಹಾಕಿದ್ರ ಹಂದಿ ಬೆಳೀತಾವು ಅಂತ ಅವ್ರಿಗೆ ಇನ್ನೂ ಯಾರೂ ಹೇಳಿಲ್ಲ."

ಪ್ರಯೋಗ ಶುರುವಾಯಿತು. ಅರ್ಧ ಮರಿಗಳಿಗೆ ಒಂದು ಕಂಪನಿಯ ಚೀಲದ ಆಹಾರ. ಉಳಿದರ್ಧಕ್ಕೆ ಹುಲಿಗೆಮ್ಮ ತಾನೇ ಕಲೆಸಿದ್ದು: ಬೇಯಿಸಿದ ಹೋಟೆಲ್ ಉಳಿಕೆ, ಅಕ್ಕಿ ತೌಡು, ಶೇಂಗಾ ಹಿಂಡಿ, ಒಂದಿಷ್ಟು ಖನಿಜದ ಪುಡಿ. ಪ್ರತಿ ಗುರುವಾರ ಬೆಳಿಗ್ಗೆ, ಹೊಟ್ಟೆಗೆ ಹಾಕುವ ಮೊದಲು, ಅವು ಕಿರುಚುತ್ತ ನನ್ನ ಮೇಲೆ ಹತ್ತುತ್ತಿದ್ದವು. ಮುಳ್ಳು ನಿಲ್ಲುವ ತನಕ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಒಮ್ಮೆ ಒಂದು ಹಂದಿ ಅವಳ ಮೊಣಕೈ ಕಚ್ಚಿತು. ರಕ್ತ ಒರೆಸಿಕೊಳ್ಳುವ ಮೊದಲು ಅದರ ತೂಕ ಬರೆದಳು.

ನಾಲ್ಕನೆಯ ತಿಂಗಳಿಗೆ ಅವಳ ಹಂದಿಗಳೇ ಮುಂದಿದ್ದವು. ಇನಾಮದಾರರ ಮುಖ ಕಪ್ಪಿಟ್ಟಿತು. ಆ ಕಂಪನಿ ವಿಭಾಗಕ್ಕೆ ಹೊಸ ಕಟ್ಟಡ ಕಟ್ಟಿಸಿಕೊಡುವ ಮಾತು ಕೊಟ್ಟಿತ್ತು.

"ಕಂಪನಿ ಗುಂಪಿನಾಗ ಬೆಳೀಲಾರದ ಹಂದಿ ಜಡ್ಡು ಬಿದ್ದಿದ್ವು ಅಂತ ಬರದು ಬಿಡು."

"ಜಡ್ಡು ಬಿದ್ದಿಲ್ಲಲ್ರಿ."

"ಹಂಗಾರ ನಿನ್ನ ತೂಕದ ಕಾಟಾ ಕೆಟ್ಟೈತಿ."

ನನಗೆ ಮೈಯೆಲ್ಲ ಉರಿಯಿತು. ನಾನು ಸುಳ್ಳು ಹೇಳಿದೆನೇ? ಬಾಯಿಯಿದ್ದಿದ್ದರೆ ಆಗಲೇ ಕೇಳುತ್ತಿದ್ದೆ.

ಹುಲಿಗೆಮ್ಮ ಮರುದಿನವೇ ಸರ್ಕಾರದ ಮುದ್ರೆಯಿದ್ದ ಇಪ್ಪತ್ತು ಕಿಲೋ ತೂಕದ ಕಲ್ಲುಗಳನ್ನು ಎರವಲು ತಂದಳು. ವಿಭಾಗದವರನ್ನೆಲ್ಲ ಕೊಟ್ಟಿಗೆಗೆ ಕರೆದಳು. "ಸರ, ನಿಮ್ಮ ಕೈಯಾರೆ ಇಡ್ರಿ," ಎಂದಳು. ಅವರು ಒಂದನ್ನಿಟ್ಟರು, ಇಪ್ಪತ್ತು ತೋರಿಸಿದೆ. ಎರಡಕ್ಕೆ ನಲವತ್ತು. ಮೂರಕ್ಕೆ ಅರವತ್ತು. ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವರು ಕೈಯ ಧೂಳು ಝಾಡಿಸಿಕೊಂಡು ಹೊರಟುಹೋದರು.

ಆದರೆ ಸಹಿ ಮಾಡಲಿಲ್ಲ. ಮೂರು ವರ್ಷ ಅವಳ ಪ್ರಬಂಧ ಅವರ ಮೇಜಿನ ಮೇಲೆಯೇ ಇತ್ತು. ಅವಳು ಅಳುತ್ತ ಕೂರಲಿಲ್ಲ. ಅದೇ ಪ್ರಯೋಗವನ್ನು ಇನ್ನೆರಡು ಸಲ ಮಾಡಿದಳು, ಅದೇ ಫಲ ಬಂತು. ಇನಾಮದಾರರು ನಿವೃತ್ತರಾದ ಮೇಲೆ ಬಂದ ಹೊಸಬರು ಮೂರೂ ಪ್ರಯೋಗಗಳ ಲೆಕ್ಕ ಓದಿ ಸಹಿ ಹಾಕಿದರು.

ಅವಳು ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದಳು. ಬೆನ್ನ ಹಿಂದೆ 'ಹಂದಿ ಮೇಡಂ' ಎಂದು ನಗುವವರಿದ್ದರು. ಅವಳು ಆ ಹೆಸರನ್ನೇ ಕೋಣೆಯ ಫಲಕದ ಮೇಲೆ ಬರೆಸಿದಳು. ನಗು ತಾನಾಗಿ ನಿಂತಿತು. ಎರಡು ಸಲ ಮುಖ್ಯಸ್ಥರ ಹುದ್ದೆ ಅವಳ ಕೈತಪ್ಪಿತು. ಅವಳು ಮಾತ್ರ ಬಿಡುವಾದಾಗಲೆಲ್ಲ ಊರೂರಿಗೆ ಹೋಗಿ, ಹಂದಿ ಸಾಕುವ ಹೆಂಗಸರಿಗೆ ಆಹಾರ ಕಲೆಸುವುದನ್ನು ಕಲಿಸುತ್ತಲೇ ಇದ್ದಳು.

ಕೊನೆಗೆ ಕಾಲೇಜಿಗೆ ಎಲೆಕ್ಟ್ರಾನಿಕ್ ಯಂತ್ರ ಬಂತು. ನನ್ನನ್ನು ಗುಜರಿಗೆ ಹಾಕುವವರಿದ್ದರು. ನಿವೃತ್ತಿಗೆ ವಾರವಿರುವಾಗ ಹುಲಿಗೆಮ್ಮ ಅರ್ಜಿ ಬರೆದು, ನನ್ನನ್ನು ಹೆಂಗಸರ ಹಂದಿ ಸಾಕಣೆ ಸಂಘಕ್ಕೆ ಕೊಡಿಸಿದಳು.

ಈಗ ನಾನಿರುವುದು ಗಂಗಾವತಿ ಬಳಿಯ ಒಂದು ತಗಡಿನ ಚಪ್ಪರದಡಿ. ಕಾಲಿಗೆ ತುಕ್ಕು ಹಿಡಿದಿದೆ. ಮೊನ್ನೆ ವ್ಯಾಪಾರಿಯೊಬ್ಬ ಬಂದು, ಹಂದಿಯನ್ನು ಕಣ್ಣಳತೆಯಲ್ಲೇ ನೋಡಿ, "ಅರವತ್ತು ಕಿಲೋ ಆಕ್ಕೈತಿ," ಎಂದ.

"ತೂಕಕ್ಕ ಹತ್ಸಿ ನೋಡ್ರಿ," ಎಂದಳು ಸಂಘದ ದುರಗವ್ವ.

"ಹಂದಿಗೂ ತೂಕ ನೋಡ್ತಾರೇನಬೇ?"

"ಇಲ್ಲಿ ನೋಡ್ತೀವಿ. ಒಲ್ಲೆ ಅಂದ್ರ ದಾರಿ ಅಲ್ಲೈತಿ."

ಹಂದಿ ಹತ್ತಿತು. ಎಪ್ಪತ್ತೆಂಟು ತೋರಿಸಿದೆ. ನನ್ನ ಮುಳ್ಳಿರುವುದು ಕೆಳಗೆ, ಮೊಣಕಾಲೆತ್ತರದಲ್ಲಿ. ಅದನ್ನು ಓದಬೇಕೆಂದರೆ ಎಂಥವನೂ ಹಂದಿಯ ಮುಂದೆ ಬಗ್ಗಬೇಕು. ಅವನು ಬಗ್ಗಿದ.