ನೆಲ್ಲೆಕೆಗೆ ಸುಲಭವಾಗಲೆಂದು

ಸ್ವೊಲ್ಲೆ ಊರಿನವರು ಕಾಲುವೆಯ ಸೇತುವೆ ಹತ್ತಿದರೂ ಗುಡ್ಡ ಹತ್ತಿದೆವು ಎನ್ನುತ್ತಾರೆ. ಅಂಥ ಚಪ್ಪಟೆ ನೆಲದಲ್ಲಿ ಹುಟ್ಟಿದವರಿಗೆ ಚಳಿಗಾಲ ಬಂತೆಂದರೆ ಆಸ್ಟ್ರಿಯಾದ ಹಿಮದಲ್ಲಿ ಒಂದು ವಾರ ಜಾರದೆ ಸಮಾಧಾನವಿಲ್ಲ. ಯಾವ ಸ್ಕೀ ರೆಸಾರ್ಟ್ ಅಗ್ಗ, ಯಾವುದು ಹೊಸಬರಿಗೆ ಸುಲಭ ಎಂದು ಹುಡುಕುವ ಕೆಲಸ ನೆಲ್ಲೆಕೆಯ ಮನೆಯಲ್ಲಿ ಗಂಡ ವೀಬೆಯದು. ಮದುವೆಗೆ ಹೆಣ್ಣು ನೋಡುವಾಗಲೂ ಅವನು ಇಷ್ಟು ವಿಚಾರಿಸಿರಲಿಲ್ಲ.

ಈ ಸಲದ ಆಯ್ಕೆಯನ್ನು ಅವನು ಸಾರಿದ್ದು ತಂಗಿ ಬೌಕ್ಯೆಯ ಹುಟ್ಟುಹಬ್ಬದಲ್ಲಿ. ನೆಂಟರೆಲ್ಲ ಸುತ್ತ ಕುರ್ಚಿ ಹಾಕಿಕೊಂಡು, ತಲೆಗೊಂದು ಚೂರು ಕೇಕ್ ಮುಗಿಸಿ, ಎರಡನೆಯದು ಬರುವುದಿಲ್ಲವೆಂದು ಗೊತ್ತಿದ್ದೂ ತಟ್ಟೆ ಹಿಡಿದು ಕೂತಿದ್ದರು.

"ಹಿಂಟರ್‌ವೀಸ್ ಅಂತ. ಅಲ್ಲಿ ಜಾರೋದು ಬೆಟ್ಟದಲ್ಲಲ್ಲ ಬಿಡಿ, ಅದರ ಬುಡದ ದಿಬ್ಬದಲ್ಲಿ," ಎಂದ ವೀಬೆ. "ನನಗೇನು, ಎಂಥ ಕಡಿದಾದ ಜಾಗ ಆದ್ರೂ ಆದೀತು. ನಮ್ಮ ನೆಲ್ಲೆಕೆಗೆ ಸುಲಭ ಆಗ್ಬೇಕಲ್ಲ."

"ಇನ್ನೂ ಕಲೀತಾನೇ ಇದೀಯಾ ಅತ್ತಿಗೆ?" ಎಂದು ಬೌಕ್ಯೆ ಮರುಕ ತೋರಿದಳು.

ನೆಲ್ಲೆಕೆಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಇದೇ ರಾಗ. ದಿಬ್ಬದಲ್ಲಿ ಕಲಿಯುವುದನ್ನೆಲ್ಲ ಅವಳು ಎಂದೋ ಕಲಿತಾಗಿತ್ತು. ಒಮ್ಮೆಯಾದರೂ ತಂತಿಯ ಮೇಲೆ ಬೆಟ್ಟ ಹತ್ತಿಸುವ ಲಿಫ್ಟಿನಲ್ಲಿ ತುತ್ತತುದಿಗೆ ಹೋಗಿ, ಅಲ್ಲಿಂದ ಸ್ಕೀ ಮೇಲೆ ಕೆಳಗಿಳಿಯಬೇಕೆಂಬ ಆಸೆ ಅವಳದು. ಎತ್ತರ ಕಂಡರೆ ಕೈಕಾಲು ನಡುಗುತ್ತಿದ್ದದ್ದು ವೀಬೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಹೊಸಬಳೆಂಬ ಹೆಸರು ಇವಳಿಗೆ ಅಂಟಿತ್ತು. ಒಬ್ಬಳೇ ಹೋಗುತ್ತೇನೆಂದರೆ ತುದಿಯ ಲಿಫ್ಟಿನ ಟಿಕೆಟ್ ದುಬಾರಿ ಎನ್ನುತ್ತಿದ್ದ. ನಾಲ್ಕು ಜನರೆದುರು ಗಂಡನ ಮಾನ ತೆಗೆಯಲಾರದೆ ಅವಳು ತಟ್ಟೆಯಲ್ಲಿ ಉಳಿದ ಕೇಕಿನ ಪುಡಿಯನ್ನು ಬಾಯಿಗೆ ಹಾಕಿಕೊಂಡಳು.

ಫೆಬ್ರವರಿಯಲ್ಲಿ ಕಾರಿನ ತುಂಬ ಆಲೂಗಡ್ಡೆ, ಚೀಸು, ಬಟಾಣಿ ಸೂಪಿನ ಡಬ್ಬಿ ಹೇರಿಕೊಂಡು ಹೊರಟರು. ಆಸ್ಟ್ರಿಯಾದಲ್ಲಿ ಆಲೂಗಡ್ಡೆ ಸಿಗುವುದಿಲ್ಲವೆಂದಲ್ಲ, ಸಿಗುವುದಕ್ಕೆ ಅಲ್ಲಿಯ ಬೆಲೆ ಕೊಡಬೇಕು. ದಾರಿಯಲ್ಲಿ ಹೋಟೆಲ್ ಕಂಡಾಗಲೆಲ್ಲ ವೀಬೆ ಕಾರನ್ನು ಇನ್ನಷ್ಟು ಜೋರಾಗಿ ಓಡಿಸಿದ.

ಹಿಂಟರ್‌ವೀಸ್‌ನಲ್ಲಿ ಕೋಣೆಯ ಬೀಗದ ಕೈ ಕೊಟ್ಟ ಹೆಂಗಸು, "ನಾಳೆ ಒಂದು ದಿನದ ಸ್ಕೀ ಪಾಠ ಇಬ್ಬರಿಗೂ ಉಚಿತ, ಲಿಫ್ಟ್ ಟಿಕೆಟ್ಟೂ ಸೇರಿ," ಎಂದಳು.

ಪಾಠವೆಂದರೆ ದಂಡದ ಖರ್ಚು ಎನ್ನುತ್ತ ವೀಬೆ ಇಷ್ಟು ವರ್ಷ ಯಾವ ಮೇಷ್ಟರ ಕಣ್ಣಿಗೂ ಬೀಳದೆ ಪಾರಾಗಿದ್ದ. ಆದರೆ ಇದು ಉಚಿತ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾಯಮಾನ ಅವನದು. ಅವನೊಳಗೆ ಪುಕ್ಕಲುತನಕ್ಕೂ ಜಿಪುಣತನಕ್ಕೂ ಕುಸ್ತಿ ನಡೆದು, ಊಟ ಮುಗಿಯುವಷ್ಟರಲ್ಲಿ ಜಿಪುಣತನ ಗೆದ್ದಿತ್ತು.

ಬೆಳಿಗ್ಗೆ ಮೇಷ್ಟ್ರು ಕೊರ್ಬಿನಿಯನ್ ಬಂದವರನ್ನೆಲ್ಲ ದಿಬ್ಬದ ಮೇಲೆ ಸಾಲಾಗಿ ನಿಲ್ಲಿಸಿದ. "ಒಬ್ಬೊಬ್ರೇ ಇಳಿದು ತೋರಿಸಿ. ಯಾರು ಯಾವ ಗುಂಪು ಅಂತ ಆಮೇಲೆ ಹೇಳ್ತೀನಿ."

ನೆಲ್ಲೆಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕಿ ಮೇಷ್ಟರ ಮುಂದೆ ಬಂದು ನಿಂತಳು. ವೀಬೆ ಮೊದಲು ಕನ್ನಡಕ ಒರೆಸಿಕೊಂಡ, ಆಮೇಲೆ ಹಿಮ ಸರಿಯಿಲ್ಲವೆಂದ, ಕೊನೆಗೆ ಅರ್ಧ ದಾರಿ ಕಾಲಿನ ಮೇಲೂ ಉಳಿದರ್ಧ ಕುಂಡಿಯ ಮೇಲೂ ಬಂದ.

"ನೀವು ತುದಿಗೆ ಹೋಗೋ ಗುಂಪಮ್ಮಾ," ಎಂದ ಮೇಷ್ಟ್ರು. "ನೀವು ಅಲ್ಲಿ ಸ್ವಾಮಿ."

ಅಲ್ಲಿ ಎಂದರೆ ಕರಡಿ ಚಿತ್ರದ ಅಂಗಿ ತೊಟ್ಟ ಪುಟಾಣಿಗಳ ಗುಂಪು. ಒಬ್ಬಳು ಮೂಗು ಸುರಿಸಿಕೊಂಡು ವೀಬೆಗೆ ಜಾಗ ಬಿಟ್ಟಳು.

"ನೀನೂ ಇಲ್ಲೇ ಇದ್ಬಿಡು ಕಣೇ," ವೀಬೆ ಪ್ಯಾಂಟಿನ ಹಿಮ ಕೊಡವುತ್ತ ಹೇಳಿದ. "ಮೇಲೆ ಹೆದ್ರಿಕೊಂಡ್ರೆ ನೋಡೋರು ಯಾರು?"

ಅವನ ಮುಖ ನೋಡಿ ನೆಲ್ಲೆಕೆಗೆ ಅಯ್ಯೋ ಅನಿಸಿತು. ಆದರೂ, "ಟಿಕೆಟ್ ದಂಡ ಆಗುತ್ತಲ್ಲೋ," ಎಂದು ಲಿಫ್ಟ್ ಹತ್ತಿದಳು.

ತುದಿಯಲ್ಲಿ ನಿಂತು ಒಮ್ಮೆ ಕೆಳಗೆ ನೋಡಿ, ಜಾರಿಯೇಬಿಟ್ಟಳು. ಎರಡು ಸಲ ಬಿದ್ದಳು, ಎದ್ದಳು. ಕೆಳಗೆ ಬಂದು ನಿಂತಾಗ ಕಣ್ಣು ತುಂಬಿ ಬಂತು. ಇಷ್ಟೊಂದು ಸುಖವನ್ನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬಿಟ್ಟೆನಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು. ಕೋಣೆಗೆ ಹೋಗುವ ಮೊದಲು ಅವಳು ಬೀಗದ ಕೈ ಕೊಟ್ಟ ಹೆಂಗಸನ್ನು ಕಂಡು ಮಾತಾಡಿದಳು.

ಸಂಜೆ ಸೂಪ್ ಕುಡಿಯುವಾಗ ಬೌಕ್ಯೆಯ ಫೋನ್ ಬಂತು. ಕೆಳಗೆ ಬಿದ್ದರೂ ವೀಬೆಯ ಮೀಸೆ ಮಣ್ಣಾಗಿರಲಿಲ್ಲ.

"ಜಾಗ ಚೆನ್ನಾಗಿದೆ ಕಣೇ. ನಾನು ಕೆಳಗೇ ಇದ್ದೆ, ನಿಮ್ಮತ್ತಿಗೆಗೆ ಧೈರ್ಯ ಇರ್ಲಿ ಅಂತ."

ನೆಲ್ಲೆಕೆ ಚಮಚ ಕೆಳಗಿಟ್ಟು ಫೋನ್ ಕಸಿದುಕೊಂಡಳು.

"ಬೌಕ್ಯೆ, ನಿಮ್ಮಣ್ಣನ್ನ ಇವತ್ತು ಮಕ್ಕಳ ಗುಂಪಿಗೆ ಹಾಕಿದ್ರು. ಮುಂದಿನ ವರ್ಷಕ್ಕೂ ಅವನಿಗೆ ಇಲ್ಲೇ ಕೋಣೆ ಹಿಡಿದಿದೀನಿ, ವಾರ ಪೂರ್ತಿ ಪಾಠ. ನಾನು ಪಕ್ಕದ ಕಣಿವೇಲಿ ಇನ್ನೂ ದೊಡ್ಡ ಬೆಟ್ಟಕ್ಕೆ ಹೋಗ್ತೀನಿ. ಈಗ್ಲೇ ದುಡ್ಡು ಕಟ್ಟಿದ್ರೆ ರಿಯಾಯಿತಿ ಅಂದ್ರು, ಕಟ್ಟಿದೀನಿ. ವಾಪಸ್ ಕೊಡಲ್ವಂತೆ."

ಆ ಕಡೆಯಿಂದ ಬೌಕ್ಯೆ ನಗುವುದು ಕೋಣೆಗೆಲ್ಲ ಕೇಳಿಸಿತು. ವೀಬೆಯ ಕಿವಿಯವರೆಗೂ ಕೆಂಪೇರಿತು. ಅವನು ಸೂಪಿನ ಬಟ್ಟಲನ್ನು ದೂರ ತಳ್ಳಿದ.

"ರಿಯಾಯಿತಿ ಎಷ್ಟು ಕೊಟ್ರು?" ಎಂದು ಕೇಳಿದ.