ಅಜ್ಜನ ಅಡ್ಮಿಶನ್

ನನಗೆ ಮೆಡಿಕಲ್ ಸೀಟು ಸಿಕ್ಕ ಮೇಲೆ ನಮ್ಮ ಅಜ್ಜನ ತಲೆ ಸ್ವಲ್ಪ ಆಚೀಚೆ ಆಗಿದೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಎಪ್ಪತ್ತೆಂಟು ವರ್ಷದ ಗುರುಮಲ್ಲಪ್ಪ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಜಡೆ ಎಂಬ ತನ್ನ ಊರಿನ ಗದ್ದೆಗೆ ಇಳಿದವನು, ಎರಡು ಬಸ್ಸು ಹತ್ತಿಳಿದು ಶಿಕಾರಿಪುರದ ನಮ್ಮ ಮನೆಗೆ ಬಂದು, ಕಾಲೇಜಿನವರು ಇನ್ನೇನು ಬರೆದಿದ್ದಾರೆ ಎಂದು ಮೇಲಿಂದ ಮೇಲೆ ವಿಚಾರಿಸತೊಡಗಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅವರು ಬರೆದದ್ದೆಲ್ಲ ನನ್ನ ಮೊಬೈಲಿಗೆ ಬರುತ್ತಿತ್ತು. ನಾನು ಓದಿ ಹೇಳುತ್ತಿದ್ದೆ. ಅಜ್ಜ ಹೆಣ್ಣು ನೋಡಲು ಬಂದ ಬೀಗರ ಹಾಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದ. ನಾವೆಲ್ಲ ಯೂನಿವರ್ಸಿಟಿ ಎಂದು ಹಾರಿಸಿಬಿಡುವ ಮಾತನ್ನು ಅವನು ವಿಶ್ವವಿದ್ಯಾಲಯ ಎಂದು ಪೂರ್ತಿಯಾಗಿ, ನಿಧಾನವಾಗಿ ಹೇಳುತ್ತಿದ್ದ. ದೊಡ್ಡವರ ಹೆಸರನ್ನು ಅರ್ಧಕ್ಕೆ ನುಂಗಬಾರದಂತೆ.

ಶಿವಮೊಗ್ಗಕ್ಕೆ ದಾಖಲಾತಿಗೆ ಹೋಗುವಾಗ ಒಯ್ಯಬೇಕಾದದ್ದು ಒಂದು ಚೀಲದಷ್ಟಿತ್ತು. ಅಂಕಪಟ್ಟಿ, ಟಿ.ಸಿ., ಜಾತಿ ಆದಾಯದ ಪತ್ರ, ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆ, ಫೋಟೋ, ಬಿಳಿ ಕೋಟು. ಅಪ್ಪನಿಗೆ ಪಂಪ್‌ಸೆಟ್ ಅಂಗಡಿ. ಮಳೆ ಕೈಕೊಟ್ಟರೂ ವ್ಯಾಪಾರ, ಬಂದರೂ ವ್ಯಾಪಾರ. ಅವರಿಗೆ ಪುರುಸೊತ್ತಿಲ್ಲದ್ದರಿಂದ ಪೇಟೆ ಸುತ್ತುವ ಕೆಲಸ ನನ್ನದೂ ಅಜ್ಜನದೂ ಆಯಿತು. ಕೋಟಿನ ಅಳತೆ ಕೊಡುವಾಗಲೂ ಅಜ್ಜ ದರ್ಜಿಗೆ, ತೋಳು ಉದ್ದ ಬಿಡಪ್ಪ, ಇನ್ನೂ ಬೆಳೀತಾಳೆ ಎಂದು ಹೇಳಿ ನನ್ನ ಮಾನ ಕಳೆದ.

ಕೊನೆಗೆ ಉಳಿದದ್ದು ಕತ್ತರಿ ಚಾಕುಗಳ ಪೆಟ್ಟಿಗೆ. ಶರೀರ ಕೊಯ್ದು ಕಲಿಯುವ ಪಾಠಕ್ಕೆ ಬೇಕಾದದ್ದು. ಅದನ್ನು ತಂದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ.

ಹೇಳಿಕೊಂಡರೆ ಜನ ನಗುತ್ತಾರೆ. ಡಾಕ್ಟರಾಗಲು ಹೊರಟ ನನಗೆ ಹೆಣ ಎಂದರೆ ಜೀವ ಬಾಯಿಗೆ ಬರುತ್ತದೆ. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವು ಹಾಕಿ, ಕೂತಂತೆಯೇ ಹೊತ್ತೊಯ್ದು ಕೂತಂತೆಯೇ ಮಣ್ಣು ಮಾಡುತ್ತಾರೆ. ನಾನು ಚಿಕ್ಕವಳಿದ್ದಾಗ ಜಡೆಯಲ್ಲಿ ಪಕ್ಕದ ಮನೆಯ ಮುದುಕಿ ಹಾಗೆ ಜಗಲಿಯಲ್ಲಿ ಕೂತಿದ್ದಳು. ನನಗೆ ಗೊತ್ತಾಗದೆ, ಅಜ್ಜಿ ಎಲ್ಲಿಗೆ ಹೊರಟೆ, ಇಷ್ಟು ಹೂವು ಮುಡಿದಿದ್ದೀಯಲ್ಲ ಎಂದು ಮಾತಾಡಿಸಿದ್ದೆ. ಆಮೇಲೆ ಗೊತ್ತಾದಾಗ ಕಿರುಚಿದ ಕಿರುಚಾಟಕ್ಕೆ ಅಜ್ಜನೇ ಎತ್ತಿಕೊಂಡು ಓಡಿದ್ದ. ಆ ಹೆದರಿಕೆ ನನ್ನ ಜೊತೆಗೇ ಬೆಳೆದು ದೊಡ್ಡದಾಗಿತ್ತು. ಸೀಟು ಬಿಟ್ಟು ಶಿಕಾರಿಪುರದಲ್ಲೇ ಬಿ.ಎಸ್ಸಿ. ಸೇರಿದರೆ ಹೇಗೆ ಎಂದು ನಾನು ಒಳಗೊಳಗೇ ಯೋಚನೆ ಮಾಡುತ್ತಿದ್ದೆ.

ಅಜ್ಜ ಪೆಟ್ಟಿಗೆ ತೆರೆದು ಒಂದೊಂದನ್ನೇ ಎತ್ತಿ ನೋಡಿದ. ಸಣ್ಣ ಚಾಕು ತನ್ನ ಕಸಿ ಕಟ್ಟುವ ಚಾಕುವಿನ ತಮ್ಮನಂತಿದೆ ಎಂದ. ಇದನ್ನು ಯಾರ ಮೇಲೆ ನಡೆಸುತ್ತೀರಿ ಎಂದು ಕೇಳಿದ. ಕೆಲವರು ಬದುಕಿದ್ದಾಗಲೇ ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಿರುತ್ತಾರೆ, ಅವರ ಮೇಲೆ ಎಂದೆ. ಅಜ್ಜ ಪೆಟ್ಟಿಗೆಯನ್ನು ನೋಡಲಿಲ್ಲ, ನನ್ನ ಕೈ ನೋಡಿದ. ಪೆಟ್ಟಿಗೆ ತಾಗದಂತೆ ಅದನ್ನು ನಾನು ಹಿಂದಕ್ಕೆ ಎಳೆದುಕೊಂಡಿದ್ದೆ.

"ಕೊಟ್ಟೋರು ಯಾರು, ಎಲ್ಲಿಯೋರು ಅಂತ ನಿಮಗೆ ಹೇಳ್ತಾರಾ?"

"ಇಲ್ಲ ಅಜ್ಜ."

"ಪರಿಚಯದೋರಾಗಿದ್ರೆ ಹೆದರಿಕೆ ಕಡಿಮೆ, ಅಲ್ಲೇನು?" ಎಂದವನು ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೊರಟುಬಿಟ್ಟ.

ಮುಂದಿನ ಸಲ ಬಂದಾಗ ಫೋಟೋ ತೆಗೆಸಲು ಹೋದೆವು. ನನ್ನದಾದ ಮೇಲೆ ಅಜ್ಜ ಸ್ಟುಡಿಯೋದ ಕನ್ನಡಿಯಲ್ಲಿ ರುಮಾಲು ಸರಿಮಾಡಿಕೊಂಡು ಅದೇ ಸ್ಟೂಲಿನ ಮೇಲೆ ಕೂತ. ಸ್ಟುಡಿಯೋದ ಮಾಲತೇಶ್, ಅಜ್ಜಾರೇ, ಪಿಂಚಣಿಗಾ ಎಂದು ಕೇಳಿದ್ದಕ್ಕೆ, ಅಲ್ಲಪ್ಪ, ಕಾಲೇಜಿಗೆ ಎಂದ. ಸರದಿಯಲ್ಲಿದ್ದವರೆಲ್ಲ ನಕ್ಕರು. ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಎಲ್ಲರಿಗೂ ಅರವತ್ತಕ್ಕೆ ಬರುವ ಅರಳುಮರಳು ನಮ್ಮ ಅಪ್ಪಾಜಿಗೆ ಹದಿನೆಂಟು ವರ್ಷ ತಡವಾಗಿ ಬಂತು ಎಂದು ಅಪ್ಪ ಗೊಣಗಿದರು. ಹಾಸ್ಟೆಲಿಗೂ ಹೆಸರು ಕೊಟ್ಟಿರಬೇಕು, ವಿಚಾರಿಸಿ ಎಂದು ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.  ಅಜ್ಜ ತನ್ನ ಪಾಡಿಗೆ ಫೋಟೋದಲ್ಲಿ ಕಿವಿ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದ.

ಹೊರಡುವ ಮುಂಚಿನ ಭಾನುವಾರ ಎಲ್ಲರೂ ಜಡೆಗೆ ಹೋದೆವು. ಅಜ್ಜಿ ರಾಜೇಶ್ವರಮ್ಮ ಹೋಳಿಗೆ ಮಾಡಿದ್ದಳು. ಉಂಡು ಎದ್ದ ಮೇಲೆ ಅಜ್ಜ ಒಳಗೆ ಹೋಗಿ, ಮದುವೆಗಳಿಗೆ ಮಾತ್ರ ಹೊರಬರುವ ಬಿಳಿ ಅಂಗಿ ತೊಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಾಳೆ ಹಿಡಿದು ಬಂದ. ತಾನೊಬ್ಬನೇ ಶಿವಮೊಗ್ಗಕ್ಕೆ ಹೋಗಿ, ಕಾಲೇಜು ಹುಡುಕಿ, ಕೇಳಿ ತಿಳಿದು, ಸೊರಬದಲ್ಲಿ ಟೈಪು ಮಾಡಿಸಿಕೊಂಡು ಬಂದಿದ್ದನಂತೆ.

"ನನಗೂ ಸೀಟು ಸಿಕ್ಕೈತೆ," ಎಂದ. "ಮನೆಯಾಕಿ ರುಜು ಒಂದು ಬಾಕಿ ಐತೆ."

ಅಪ್ಪ ನಗುತ್ತಲೇ ಹಾಳೆ ತೆಗೆದುಕೊಂಡರು. ನಾಲ್ಕು ಸಾಲು ಓದುವಷ್ಟರಲ್ಲಿ ಮುಖ ಇಳಿದುಹೋಯಿತು. ಸತ್ತ ಮೇಲೆ ತನ್ನ ದೇಹವನ್ನು ವಿದ್ಯಾರ್ಥಿಗಳ ಪಾಠಕ್ಕಾಗಿ ಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅಪ್ಪನಿಗೆ ಸಿಟ್ಟು ಬಂದರೆ ಮನೆ ಹೆಂಚು ಅಲ್ಲಾಡುತ್ತವೆ. ನಮ್ಮ ಮನೆತನದಲ್ಲಿ ಮಣ್ಣು ಕಾಣದೆ ಹೋದವರು ಯಾರಿದ್ದಾರೆ, ಹೆತ್ತ ತಂದೆಗೆ ಮೂರು ಹಿಡಿ ಮಣ್ಣು ಹಾಕಲು ಆಗಲಿಲ್ಲ ಎಂದು ಊರು ನನ್ನ ಮುಖಕ್ಕೆ ಉಗಿಯುವುದಿಲ್ಲವೇ ಎಂದು ಕೂಗಾಡಿದರು. ಅಜ್ಜ ಅದು ಮುಗಿಯುವವರೆಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಮಣ್ಣಿಗೆ ಹೋದ್ರೆ ಮಣ್ಣಾಗ್ತೀನಿ. ಅಲ್ಲಿಗೆ ಹೋದ್ರೆ ನನ್ನ ನೋಡಿ ಹುಡುಗ್ರು ಡಾಕ್ಟ್ರಾಗ್ತಾರೆ," ಎಂದ. "ನಾಲ್ಕನೇ ಇಯತ್ತೆ ಬಿಟ್ಟೋನು ಒಮ್ಮೆಗೇ ವಿಶ್ವವಿದ್ಯಾಲಯಕ್ಕೆ ಹೋಗೋದು ಅಂದ್ರೆ ಸಣ್ಣ ಮಾತೇನೋ ಚಂದ್ರಾ? ಈ ನಿನ್ನ ಮಗಳು ಗಂಗವ್ವ ಹೆದರ್ತಾಳೆ. ಅಲ್ಲಿರೋರೂ ಯಾರದೋ ಮನೆ ಅಜ್ಜಂದಿರೇ ಅಂತ ಇವಳಿಗೆ ಗೊತ್ತಾಗ್ಬೇಕು."

 ಇಷ್ಟು ದಿನ ನಾವೆಲ್ಲ ನಕ್ಕ ಮನುಷ್ಯ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ನಮ್ಮೆದುರೇ ಕೂತಿದ್ದ. ಅವನು ಎಷ್ಟು ಎತ್ತರದವನು ಎಂದು ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. 

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಕೊಡ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಅಮ್ಮ ನನಗೆ ಕಣ್ಸನ್ನೆ ಮಾಡಿದಳು.

ಅವಳು ಎಲ್ಲಿಗೆ ಹೋದಳೆಂದು ಹುಡುಕಬೇಕಾಗಿರಲಿಲ್ಲ. ಕಣದ ಆಚೆ ಒಂದು ದಿಬ್ಬವಿದೆ. ಅಜ್ಜನ ಅಪ್ಪ ಅಮ್ಮನ ಸಮಾಧಿ ಅಲ್ಲಿದೆ. ಪಕ್ಕದಲ್ಲಿ ಇಬ್ಬರಿಗಾಗುವಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಆ ಜಾಗದ ನಡುವೆ ಅಜ್ಜಿಯೇ ನೆಟ್ಟ ಪತ್ರೆ ಗಿಡ ಈಗ ನನ್ನ ಎತ್ತರ ದಾಟಿದೆ. ಅವಳು ಅದರ ಬುಡಕ್ಕೆ ನೀರು ಹೊಯ್ಯುತ್ತಿದ್ದಳು.

"ಮದುವೆ ಆದ ಹೊಸದರಾಗೆ ಇಲ್ಲಿಗೆ ಕರ್ಕಂಡು ಬಂದು, ಇದು ನಂದು, ಇದು ನಿಂದು ಅಂತ ತೋರ್ಸಿದ್ರು," ಎಂದಳು. "ಬೇರೆಯೋರ ಗಂಡಂದಿರು ಸಿನಿಮಾಕ್ಕೆ ಕರ್ಕಂಡು ಹೋಗ್ತಿದ್ರು. ನನಗೆ ಆವತ್ತು ಅಳು ಬಂದಿತ್ತು. ಆಮೇಲಾಮೇಲೆ ಅದೇ ಧೈರ್ಯ ಆಯ್ತು. ಎಲ್ಲಿಗೆ ಹೋದ್ರೂ ಕಡೀಗೆ ಇವ್ರ ಪಕ್ಕ ಕೂರೋದು ಐತಲ್ಲ ಅಂತ. ಈಗ ನಾನೊಬ್ಬಳೇ ಇಲ್ಲಿ ಕೂತು ಯಾರ ಮುಖ ನೋಡ್ಲಿ?"

 ನನ್ನ ಹೆದರಿಕೆಯನ್ನು ಹೇಳಿದೆ. ಸೀಟು ಬಿಡುವ ಯೋಚನೆ ಮಾಡಿದ್ದನ್ನೂ ಹೇಳಿದೆ. ಇದಕ್ಕೆಲ್ಲ ನಾನೇ ಕಾರಣ, ನಾನು ಕಾಲೇಜಿಗೆ ಹೋಗುವುದಿಲ್ಲ ಎಂದುಬಿಟ್ಟರೆ ಅಜ್ಜನೂ ಹಟ ಬಿಡುತ್ತಾನೆ, ಹಾಗೇ ಹೇಳಿಬಿಡುತ್ತೇನೆ ಎಂದೆ. ನಿಜವಾಗಿಯೂ ಹಾಗೆ ಹೇಳಲು ಸಿದ್ಧಳಿದ್ದೆ. ಅಜ್ಜಿ ಕೊಡ ಕೆಳಗಿಟ್ಟು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ಅಲ್ಲಿ ಒಳಗೆ ಹೋಗೋವಾಗ ಯಾರಾದ್ರೂ ಅವ್ರಿಗೆ ಕೈ ಮುಗೀತಾರಾ? ಇಲ್ಲ, ಸುಮ್ನೆ ಚಾಕು ಹಾಕ್ತೀರಾ?"

ಆಗ ನನಗೊಂದು ಸಾಲು ನೆನಪಾಯಿತು. ಅಜ್ಜನಿಗೆ ಓದಿ ಹೇಳುವಾಗಲೆಲ್ಲ ನಾನು ಹಾರಿಸುತ್ತಿದ್ದ ಸಾಲು ಅದು. ಮೊಬೈಲು ತೆಗೆದು ಓದಿದೆ. ಮೊದಲ ದಿನ ಹೊಸ ವಿದ್ಯಾರ್ಥಿಗಳೆಲ್ಲ ದೇಹ ಕೊಟ್ಟವರ ಮುಂದೆ ನಿಂತು ಪ್ರತಿಜ್ಞೆ ಮಾಡಬೇಕು. ಇವರೇ ನಮ್ಮ ಮೊದಲ ಗುರು, ಇವರನ್ನು ಗೌರವದಿಂದ ಕಾಣುತ್ತೇವೆ, ಇವರ ಮನೆಯವರಿಗೆ ಋಣಿಯಾಗಿರುತ್ತೇವೆ ಎಂದು.

"ಇನ್ನೊಂದು ಸಲ ಓದು," ಎಂದಳು ಅಜ್ಜಿ.

ಓದಿದೆ.

"ಗುರು ಅಂತಾರಾ? ಇವ್ರನ್ನ?"

ಹೌದು ಎಂದೆ.  ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಖಾಲಿ ಕೊಡ ನನ್ನ ಕೈಗೆ ಕೊಟ್ಟು ಮನೆಯ ಕಡೆ ನಡೆದಳು.

ಜಗಲಿಯಲ್ಲಿ ಅಪ್ಪ ಒಂದು ಮೂಲೆ, ಅಜ್ಜ ಒಂದು ಮೂಲೆ ಹಿಡಿದು ಕೂತಿದ್ದರು. ಅಜ್ಜಿ ನೇರ ಅಜ್ಜನ ಮುಂದೆ ಹೋಗಿ ನಿಂತಳು.

"ಅಲ್ರೀ, ಕೊರಳಾಗಿನ ಲಿಂಗ ಏನ್ ಮಾಡ್ತೀರಿ?"

ಅಜ್ಜನ ಕೈ ತಾನಾಗಿ ಎದೆಗೆ ಹೋಯಿತು. ಹುಟ್ಟಿದಾಗಿನಿಂದ ಮೈಮೇಲಿದ್ದದ್ದು, ಕೊನೆಗೆ ಎಡಗೈಯಲ್ಲಿಟ್ಟು ಜೊತೆಗೇ ಮಣ್ಣಿಗೆ ಕಳಿಸುವಂಥದ್ದು. ಕಾಲೇಜು, ಟೈಪು, ಫೋಟೋ, ಕಿವಿ, ಎಲ್ಲ ಯೋಚಿಸಿದ್ದವನು ಇದೊಂದನ್ನು ಯೋಚಿಸಿರಲಿಲ್ಲ. ಅವನ ಮುಖ ಸಣ್ಣದಾಯಿತು. ಈಗ ಹಾಳೆ ಹರಿದುಹಾಕುತ್ತಾನೆ ಎಂದೇ ನಾನು ತಿಳಿದೆ. ಅಪ್ಪನೂ ಹಾಗೇ ತಿಳಿದಿರಬೇಕು, ಅರ್ಧ ಎದ್ದರು.

"ಅದನ್ನ ನನ್ನ ಕೈಗೆ ಕೊಟ್ಟು ಹೋಗ್ರಿ," ಎಂದಳು ಅಜ್ಜಿ. "ಪತ್ರೆ ಗಿಡದ ಆ ಕಡೆ ನಿಮ್ಮ ಜಾಗದಾಗೆ ಅದನ್ನ ಇಟ್ಟು ಮಣ್ಣು ಹಾಕ್ತೀನಿ. ನಾನು ಮೊದ್ಲು ಹೋದ್ರೆ ಚಂದ್ರ ಹಾಕ್ತಾನೆ. ನನ್ನ ಪಕ್ಕ ಅದು ಕೂತಿರ್ಲಿ. ಉಳಿದಿದ್ದು ಕಾಲೇಜಿಗೆ ಹೋಗ್ಲಿ."

 ಹುಲಿ ಎದುರು ಬಂದರೂ ಹರಟೆ ನಿಲ್ಲಿಸದ ಅಜ್ಜ ಹೆಂಡತಿಯ ಮುಂದೆ ಕಣ್ಣು ತುಂಬಿಕೊಂಡು ಸುಮ್ಮನೆ ತಲೆಯಾಡಿಸಿದ. ಅಜ್ಜಿ ಹಾಳೆಯನ್ನು ರೊಟ್ಟಿ ಮಣೆಯ ಮೇಲಿಟ್ಟು, ಒಂದೊಂದೇ ಅಕ್ಷರ ಜೋಡಿಸಿ ತನ್ನ ಹೆಸರು ಬರೆದಳು.  ಸಾಕ್ಷಿಯ ಜಾಗ ಖಾಲಿ ಇತ್ತು. ಅಪ್ಪ ಎದ್ದು ಅಂಗಳಕ್ಕೆ ಹೋಗಿ, ಬೀದಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತು, ಮೂಗು ಒರೆಸಿಕೊಂಡು ಒಳಗೆ ಬಂದು ಪೆನ್ನು ಕೇಳಿದರು.

ನೀನು ಇನ್ನೂ ತುಂಬ ವರ್ಷ ಇರುತ್ತೀಯ ಅಜ್ಜ, ಅಷ್ಟರಲ್ಲಿ ನನ್ನ ಓದೇ ಮುಗಿದಿರುತ್ತದೆ ಎಂದೆ ನಾನು. ಇರಲಿ ಬಿಡು, ನನ್ನ ಸೀಟು ಯಾರೂ ಕಿತ್ತುಕೊಳ್ಳುವುದಿಲ್ಲ, ನಿಧಾನಕ್ಕೆ ಸೇರುತ್ತೇನೆ ಎಂದ.

ನಾನು ಹೊರಡುವ ದಿನ ಅಜ್ಜ ಅಜ್ಜಿ ಇಬ್ಬರೂ ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಬಂದರು. ಅಪ್ಪ ಟ್ರಂಕು ಹತ್ತಿಸುತ್ತಿದ್ದರು. ಅಜ್ಜಿ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು. ನಾನು ಹಣೆ ಮುಂದೆ ಮಾಡಿದೆ. ಅವಳು ಹಣೆಗೆ ಹಚ್ಚಿ, ಆಮೇಲೆ ನನ್ನ ಎರಡೂ ಅಂಗೈ ಬಿಡಿಸಿ, ಒಂದೊಂದಕ್ಕೂ ಮೂರು ಬೆರಳಿನಲ್ಲಿ ಎಳೆದು ಹಚ್ಚಿದಳು. ಹೀಗೆ ಯಾರಿಗೂ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ.

"ಅಲ್ಲಿ ನಿನಗೆ ಯಾರು ಸಿಗ್ತಾರೋ ಗೊತ್ತಿಲ್ಲ," ಎಂದಳು. "ಯಾರೇ ಇರ್ಲಿ, ಅವ್ರ ಮನೇಲೂ ಒಬ್ಬಾಕಿ ಕೂತು ರುಜು ಹಾಕಿರ್ತಾಳೆ. ಕೈ ಇಡೋ ಮುಂಚೆ ಆಕೀನ ನೆನೆಸ್ಕೋ."

ಅಜ್ಜಿ ಪ್ರತಿಜ್ಞೆಯ ಸಾಲನ್ನು ಅವನಿಗೂ ಹೇಳಿರಬೇಕು, ಅಜ್ಜ ಕಿಟಕಿಯ ಹತ್ತಿರ ಬಂದು, ನಿನ್ನ ಆ ಮೊದಲ ಮಾಸ್ತರಿಗೆ ನಾನು ಕೇಳಿದೆ ಎಂದು ಹೇಳು ಎಂದ. ಬಸ್ಸು ಹೊರಟಿತು. ಟಿಕೆಟಿನ ದುಡ್ಡನ್ನು ಜೊತೆಗೆ ಹೊರಟಿದ್ದ ಅಪ್ಪನೇ ಕೊಟ್ಟರು. ನಾನು ಎರಡೂ ಅಂಗೈಯನ್ನು ಎಲ್ಲಿಗೂ ತಾಗಿಸದೆ, ಮೇಲೆ ಮುಖ ಮಾಡಿ, ಶಿವಮೊಗ್ಗದವರೆಗೆ ಮಡಿಲಲ್ಲಿ ಇಟ್ಟುಕೊಂಡಿದ್ದೆ.