ಗಂಧಕದ ಬೆಟ್ಟಕ್ಕೆ ಬರಿಹೆಗಲಲ್ಲಿ

ಪಕ್ಕದ ಮನೆಯಲ್ಲಿ ಇಳಿದುಕೊಂಡಿದ್ದ ಸುರಬಾಯ ಪಟ್ಟಣದ ಮೇಷ್ಟ್ರು ಇಜೆನ್ ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ, "ನೀವಂತೂ ಇದನ್ನ ಸಾವಿರ ಸಲ ನೋಡಿರ್ತೀರಿ" ಅಂದರು. "ನೋಡಿ ನೋಡಿ ಸಾಕಾಗಿದೆ" ಎಂದುಬಿಟ್ಟ ಮಿಸ್ತಾರ್. ಆ ಸುಳ್ಳು ಅವನನ್ನು ರಾತ್ರಿಯಿಡೀ ಹೊರಳಾಡಿಸಿತು.

"ಏನ್ರೀ, ಮಂಡಿ ನೋವಾ?" ಹೆಂಡತಿ ಸಾತುಮಿ ಕತ್ತಲಲ್ಲೇ ಕೇಳಿದಳು.

"ಅಲ್ವೇ. ಇಪ್ಪತ್ತಾರು ವರ್ಷ ಆ ಬೆಟ್ಟ ಹತ್ತಿದೀನಿ. ಸೂರ್ಯ ಹುಟ್ಟೋದು ಒಂದು ದಿನಾನೂ ನೋಡಿಲ್ಲ."

ನಿಜವೇ. ಗಂಧಕ ಹೊರುವವರು ನಡುರಾತ್ರಿ ಬೆಟ್ಟ ಹತ್ತಿ, ತುದಿಯಿಂದ ಜ್ವಾಲಾಮುಖಿಯ ಕುಳಿಯೊಳಗೆ ಇಳಿದು, ಹೊಗೆಯ ನಡುವೆ ಹಳದಿ ಗಡ್ಡೆಗಳನ್ನು ಒಡೆದು ಬುಟ್ಟಿ ತುಂಬಿಸಿಕೊಳ್ಳುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಹೆಗಲ ಮೇಲೆ ಎಪ್ಪತ್ತೈದು ಕಿಲೋ ಕಾವಡಿ, ಕಾಲ ಕೆಳಗೆ ಕುಳಿಯ ಕಡಿದಾದ ಗೋಡೆ. ಕಣ್ಣೆಲ್ಲ ಮುಂದಿನವನ ಹಿಮ್ಮಡಿಯ ಮೇಲೆ. ಆಕಾಶ ನೋಡುವ ಚಟ ಇದ್ದವನು ಆ ಕೆಲಸದಲ್ಲಿ ಉಳಿಯುವುದಿಲ್ಲ.

"ನೀವು ಅಷ್ಟಾದ್ರೂ ಹತ್ತಿದೀರಿ. ನಡುರಾತ್ರಿ ಎದ್ದು ನಿಮ್ಗೆ ಬುತ್ತಿ ಕಟ್ಟಿದ್ದೇ ನನ್ನ ಇಜೆನ್ನು. ಮಲಗಿ ಸುಮ್ನೆ" ಎಂದಳು ಸಾತುಮಿ. ಆದರೆ ಬೆಳಿಗ್ಗೆ ಗಂಡನಿಗೆ ಹೇಳದೆ ಪಾಯಿಂಗನ ಮನೆಗೆ ಹೋದಳು.

ಪಾಯಿಂಗನೂ ಹಿಂದೆ ಗಂಧಕ ಹೊತ್ತವನೇ. ಈಗ ಎರಡು ಗಾಲಿಯ ತಳ್ಳುಗಾಡಿಯಲ್ಲಿ ನಡೆಯಲಾರದ ಪ್ರವಾಸಿಗರನ್ನು ಕೂರಿಸಿಕೊಂಡು ಬೆಟ್ಟದ ತುದಿಗೆ ಎಳೆಯುತ್ತಾನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕುಳಿಯಲ್ಲಿ ಗಾಳಿ ತಿರುಗಿ, ಹೊಗೆ ಮುಚ್ಚಿಕೊಂಡು ಮಿಸ್ತಾರ್ ಪ್ರಜ್ಞೆ ತಪ್ಪಿ ಬಿದ್ದಾಗ, ತುಂಬಿದ ಬುಟ್ಟಿಗಳನ್ನು ಅಲ್ಲೇ ಬಿಸಾಡಿ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಮೇಲೆ ತಂದವನು ಇದೇ ಪಾಯಿಂಗ್. ಅಂದಿನಿಂದ ಪ್ರತಿ ಹಬ್ಬಕ್ಕೂ ಸಾತುಮಿ ಅವನ ಮನೆಗೆ ಕೋಳಿ ಸಾರು ಕಳಿಸುತ್ತಿದ್ದಳು. ಆ ದಿನದ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಗುರುವಾರ ರಾತ್ರಿ ಒಂದು ಗಂಟೆಗೆ ಮನೆ ಮುಂದೆ ಪಿಕಪ್ ಬಂದು ನಿಂತಿತು. ಪಾಯಿಂಗ್ ಇಳಿದ. ಜೊತೆಗೆ ಗಾಡಿಯನ್ನು ಹಿಂದಿನಿಂದ ತಳ್ಳುವ ಹೊಸ್ನಾನ್, ಊರಿಗೇ ಬಾಯಾಳಿ.

"ಏಳಣ್ಣ, ಸವಾರಿ ಬಂದಿದೆ" ಎಂದು ಕೂಗಿದ ಹೊಸ್ನಾನ್.

ವಿಷಯ ತಿಳಿದದ್ದೇ ಮಿಸ್ತಾರ್ ಕೆಂಡವಾದ. "ನಾನೇನು ಪ್ರವಾಸಿನೇನೋ? ಅಷ್ಟು ಭಾರ ಹೊತ್ತೋನು ಈಗ ಮೂಟೆ ಹಾಗೆ ಗಾಡೀಲಿ ಕೂರ್ಲಾ? ಗಂಧಕ ಹೊರೋ ಹುಡುಗ್ರೆಲ್ಲ ನಗ್ತಾರೆ."

"ನಗ್ಲಿ ಬಿಡಿ. ಈಗ ಐವತ್ತೆಂಟು ಕಿಲೋ ಇದೀರಿ. ನೀವು ಹೊರ್ತಿದ್ದ ಬುಟ್ಟಿಗಿಂತ ಹಗುರ. ಬುಟ್ಟಿ ಬೇರೆ ಇಷ್ಟು ಮಾತಾಡ್ತಿರ್ಲಿಲ್ಲ" ಎಂದಳು ಸಾತುಮಿ. ಬಾಳೆಲೆಯಲ್ಲಿ ಕಟ್ಟಿದ ಅನ್ನ, ಕರಿದ ಸೋಯಾ ತೆಂಪೆ, ಖಾರದ ಸಾಂಬಲ್ ಚಟ್ನಿ ಎಲ್ಲವನ್ನೂ ಚೀಲಕ್ಕೆ ತುಂಬಿ, ತಲೆಗೆ ಬಟ್ಟೆ ಸುತ್ತಿ ಅವಳೂ ಹೊರಟು ನಿಂತಿದ್ದಳು. ಅವಳ ಕಾಲಲ್ಲಿ ಅವನ ಹಳೇ ರಬ್ಬರ್ ಬೂಟುಗಳು. ಅದನ್ನು ನೋಡಿದ್ದೇ ಮಿಸ್ತಾರ್ ಪಿಕಪ್ ಹತ್ತಿದ.

ಬೆಟ್ಟದ ಬುಡದಲ್ಲಿ ಅವನನ್ನು ತಳ್ಳುಗಾಡಿಗೆ ಕೂರಿಸಿದರು. ದಾರಿ ಏರತೊಡಗಿತು. ಹೆಗಲಿಗೆ ಪಟ್ಟಿ ಹಾಕಿಕೊಂಡು ಪಾಯಿಂಗ್ ಮುಂದಿನಿಂದ ಎಳೆದ, ಹೊಸ್ನಾನ್ ಹಿಂದಿನಿಂದ ತಳ್ಳಿದ. ಟಾರ್ಚ್ ಹಿಡಿದ ಪ್ರವಾಸಿಗರು ಸಾಲುಸಾಲಾಗಿ ದಾಟಿ ಹೋದರು. ಗಾಳಿಮರಗಳ ನಡುವೆ ಚಳಿಗಾಳಿ ಸುಯ್ಯೆನ್ನುತ್ತಿತ್ತು. ಮಿಸ್ತಾರ್ ಮೊದಲು ಮುಖ ಮುಚ್ಚಿಕೊಂಡೇ ಕುಳಿತಿದ್ದ. ಆಮೇಲೆ ಕಾಲು ನೆಲಕ್ಕೆ ಸೋಕದಿದ್ದರೂ ಪ್ರತಿ ತಿರುವೂ ಗುರುತು ಸಿಗತೊಡಗಿತು. "ಇಲ್ಲಿ ಮರಳು ಜಾಸ್ತಿ, ಎಡಕ್ಕೆ ಬಾ" ಎಂದು ಪಾಯಿಂಗನಿಗೇ ದಾರಿ ಹೇಳಹೊರಟ.

"ಬಾಡಿಗೆ ಕೊಡದೋರು ಬಾಯಿ ಮುಚ್ಕೊಂಡು ಕೂರ್ಬೇಕು" ಎಂದ ಹೊಸ್ನಾನ್.

ಗಂಧಕ ತೂಗುವ ಹಳೇ ಕಟ್ಟಡ ದಾಟಿದ ಮೇಲಿನ ಏರು ಎಲ್ಲಕ್ಕಿಂತ ಕಡಿದು. ಅಲ್ಲಿ ಪಾಯಿಂಗ್ ತಟ್ಟನೆ "ಅಯ್ಯಪ್ಪ!" ಎಂದು ಕುಸಿದ. ಮೀನಖಂಡ ಸೆಟೆದುಕೊಂಡಿತ್ತು. ಗಾಡಿ ಹಿಂದಕ್ಕೆ ಜಾರಿತು. ಹೊಸ್ನಾನ್ ಎದೆಗೊಟ್ಟು ತಡೆದ. ಮಿಸ್ತಾರ್ ಬ್ರೇಕ್ ಜಗ್ಗಿ, ಕೆಳಕ್ಕೆ ಧುಮುಕಿ, ಗಾಲಿಗೆ ಕಲ್ಲು ಒತ್ತಿದ. ಮೂರು ವರ್ಷದಿಂದ ಅಂಗಳ ದಾಟದ ಮಂಡಿಗಳು ಅದು ಹೇಗೆ ಧುಮುಕಿದವೋ ಅವನಿಗೇ ತಿಳಿಯಲಿಲ್ಲ.

ಮಿಸ್ತಾರ್ ಪಾಯಿಂಗನ ಕಾಲನ್ನು ತೊಡೆಯ ಮೇಲೆ ಹಾಕಿಕೊಂಡು ತನ್ನ ಮಂಡಿಯ ಮುಲಾಮು ಹಚ್ಚಿ ನೀವಿದ. ನೀವುತ್ತಾ ಅವನ ಭುಜದತ್ತ ನೋಡಿದ. ಅಂಗಿಯ ಕೆಳಗೆ ಕಾವಡಿ ಒತ್ತಿ ಎದ್ದ ಗಂಟು ಇನ್ನೂ ಮುಷ್ಟಿಯಷ್ಟು ದಪ್ಪಗಿತ್ತು. ತನ್ನ ಭುಜದಲ್ಲೂ ಅಂಥದ್ದೇ ಒಂದಿತ್ತು.

"ಗಾಡಿ ಹತ್ತು" ಎಂದ ಮಿಸ್ತಾರ್.

"ಯಾರು? ನಾನಾ?"

"ಹೂಂ, ನೀನೇ. ನಾನು ಗಾಡಿ ಹಿಡ್ಕೊಂಡು ನಡೀತೀನಿ."

"ಮತ್ತೆ ಎಳೆಯೋರು ಯಾರಣ್ಣ?" ಹೊಸ್ನಾನ್ ಕೇಳಿದ.

ಸಾತುಮಿ ಬುತ್ತಿಚೀಲವನ್ನು ಪಾಯಿಂಗನ ಮಡಿಲಿಗೆ ಹಾಕಿ, ಪಟ್ಟಿಯನ್ನು ತನ್ನ ಹೆಗಲಿಗೆ ಏರಿಸಿಕೊಂಡಳು. "ಜೀವಮಾನವೆಲ್ಲ ಕೆಳಗೆ ಕೂತು ಕಾದಿದೀನಿ. ಕಾಲಲ್ಲಿ ಬೇಕಾದಷ್ಟು ಶಕ್ತಿ ಉಳಿದಿದೆ. ತಳ್ಳಪ್ಪ."

ಹಾಗೇ ಹೋದರು. ಪಾಯಿಂಗ್ ಗಾಡಿಯಲ್ಲಿ ನಾಚಿ ಮುದುಡಿ ಕುಳಿತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತರು. ದಾಟಿ ಹೋಗುತ್ತಿದ್ದ ಇಬ್ಬರು ಯುವತಿಯರು ಏನೂ ಕೇಳದೆ ಬಂದು ತಾವೂ ಕೈಜೋಡಿಸಿದರು.

ತುದಿ ಮುಟ್ಟಿದಾಗ ಎಲ್ಲೆಲ್ಲೂ ಮಂಜು. ಬಾಟಲಿ ನೀರಿನಲ್ಲಿ ಕೈಕಾಲು ಒದ್ದೆ ಮಾಡಿಕೊಂಡು ನಾಲ್ವರೂ ಮುಂಜಾವಿನ ನಮಾಜು ಮುಗಿಸಿದರು. ಮಿಸ್ತಾರ್ ಮಂಡಿಯೂರಲಾಗದೆ ಕುಳಿತೇ ಮಾಡಿದ. ಮಂಜು ಸರಿಯಲಿಲ್ಲ. "ಇಷ್ಟು ಕಷ್ಟಪಟ್ಟು ಬಂದ್ರೆ ಹಾಳಾದ್ದು ಇವತ್ತೇ!" ಹೊಸ್ನಾನ್ ಬೈದ.

ಆಗ ಪೂರ್ವದ ಕಡೆ ಮಂಜಿನಲ್ಲೊಂದು ಸೀಳು ಬಿತ್ತು. ಅದರೊಳಗಿಂದ ಬಾಲಿ ದ್ವೀಪದ ಬೆಟ್ಟಗಳು, ಅವುಗಳ ಹೆಗಲ ಮೇಲೆ ಕೆಂಪು. ಸೂರ್ಯ ಅವಸರವೇ ಇಲ್ಲದವನಂತೆ ಬಂದ. ಬೆಚ್ಚನೆಯದೇನೋ ಮುಖಕ್ಕೆ ತಾಗಿದಾಗ ಮಿಸ್ತಾರ್ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ! ಅದಕ್ಕೇ ತಾನೆ ಬಂದಿದ್ದು?" ಸಾತುಮಿ ಮೊಣಕೈಯಿಂದ ತಿವಿದಳು.

ಅವನು ನಕ್ಕು ಕಣ್ಣು ತೆರೆದ. ನೋಡಿದ, ಸಾಕೆನಿಸುವಷ್ಟು ನೋಡಿದ. ತಿರುಗಿದರೆ ಸಾತುಮಿ ಪಕ್ಕದಲ್ಲಿರಲಿಲ್ಲ. ಇನ್ನೊಂದು ಬದಿಗೆ ಹೋಗಿ ಕುಳಿಯೊಳಗೆ ಇಣುಕುತ್ತಿದ್ದಳು. ಕೆಳಗೆ ಆಳದಲ್ಲಿ ಹಸಿರು ಕೆರೆ, ಅದರ ದಡದಲ್ಲಿ ಹೊಗೆ. ಹೊಗೆಯಿಂದ ಹೊರಬಿದ್ದು ಗೋಡೆ ಹತ್ತುತ್ತಿದ್ದ ಮನುಷ್ಯರು ಇರುವೆಗಳಷ್ಟಿದ್ದರು.

"ಇದರೊಳಗಿಂದಾನಾ ಇವರನ್ನ ಹೊತ್ತು ತಂದಿದ್ದು?" ಎಂದು ಪಾಯಿಂಗನನ್ನು ಕೇಳಿದಳು.

ಪಾಯಿಂಗ್ ತಲೆಯಾಡಿಸಿದ.

ಸಾತುಮಿ ಅಂಚಿನಿಂದ ಹಿಂದೆ ಸರಿದಳು. "ನಾನು ಏನೋ ಒಂದು ದಿಣ್ಣೆ ಅಂದ್ಕೊಂಡಿದ್ದೆ ಕಣಪ್ಪ. ಬರೀ ಕೋಳಿ ಸಾರು ಕಳಿಸ್ಕೊಂಡು ಇದ್ದೆ." ತಲೆಯ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡಳು. "ಅದಾದ ಮೇಲೆ ನಮ್ಗೆ ಮಗಳು ಹುಟ್ಟಿದ್ಲು. ಅವಳ ಮದುವೆ ಆಯ್ತು. ಎಲ್ಲಾ ನಿನ್ನಿಂದ."

"ಹಾಗನ್ಬೇಡಿ ಅತ್ತಿಗೆ." ಪಾಯಿಂಗ್ ನೆಲ ನೋಡುತ್ತಾ ಹೇಳಿದ. "ಯಾರಿಗೂ ಹೇಳಿಲ್ಲ ಇದನ್ನ. ಅವತ್ತು ನಂಗೂ ಕಣ್ಣು ಕತ್ತಲಿಟ್ಟಿತ್ತು. ಒಬ್ನೇ ಇದ್ದಿದ್ರೆ ಅಲ್ಲೇ ಕೂತುಬಿಡ್ತಿದ್ದೆ. ಕೂತೋರು ಏಳೋದಿಲ್ಲ. ಅಣ್ಣ ಬೆನ್ನ ಮೇಲಿದ್ದ. ಇಳಿಸೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಹತ್ತಿದೆ. ಬೇರೇನಿಲ್ಲ."

ಮಿಸ್ತಾರ್ ಹತ್ತಿರ ಸರಿದು ಅವನ ಕಾಲನ್ನು ಮತ್ತೆ ತೊಡೆಯ ಮೇಲೆಳೆದುಕೊಂಡು ನೀವತೊಡಗಿದ. ಹೊಸ್ನಾನ್ ಮುಲಾಮಿನ ಡಬ್ಬಿ ತೆರೆದು ಹಿಡಿದ.

ಅಷ್ಟರಲ್ಲಿ ಮೊದಲ ಕಾವಡಿ ಕಿರ್ ಕಿರ್ ಎನ್ನುತ್ತಾ ಅಂಚಿಗೆ ಬಂತು. ಹೊತ್ತವನು ಬುಟ್ಟಿ ಇಳಿಸಿ ಏದುಸಿರು ಬಿಡುತ್ತಾ ಕುಳಿತ. ಮಿಸ್ತಾರನಿಗೆ ಅವನ ಗುರುತಿರಲಿಲ್ಲ. ಸಾತುಮಿ ಒಂದು ಎಲೆಯ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟಳು.

"ನನಗ್ಯಾಕಮ್ಮಾ?" ಅವನು ಬೆರಗಾಗಿ ಕೇಳಿದ.

"ತಿನ್ನಪ್ಪ, ಹಸಿದಿರ್ತೀಯ" ಎಂದಳು. "ಹಾಗೇ ಒಂದು ಗಳಿಗೆ ಆ ಕಡೆ ತಿರುಗಿ ಕೂತ್ಕೋ. ಬಿಸಿಲು ಚೆನ್ನಾಗಿದೆ."